ಶಾಲೆಗೂ ಒಂದು ಕಿಬ್ಲಾ ಬೇಕು

ಎರಡು ವರ್ಷಗಳ ಹಿಂದಿನ ಜನವರಿ ತಿಂಗಳು. ಇಶಾ ನಮಾಝ್ ಮುಗಿಸಿ, ನಾಲ್ಕನೆಯ ತರಗತಿಯ ಪರಿಸರ ಅಧ್ಯಯನದ ಉತ್ತರ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ಪ್ರಶ್ನೆಪತ್ರಿಕೆ ನಾನೇ ತಯಾರಿಸಿದ್ದು. ನಮ್ಮೂರ ಮಕ್ಕಳಿಗೆ ನಮ್ಮೂರಿನದೇ ಒಂದು ಪ್ರಶ್ನೆ ಇರಲಿ ಎಂದು, ಮಂಗನ ಕಾಯಿಲೆ ಯಾವುದರ ಕಡಿತದಿಂದ ಹರಡುತ್ತದೆ, ಅದರಿಂದ ಪಾರಾಗಲು ಏನು ಮಾಡಬೇಕು ಎಂದು ಕೇಳಿದ್ದೆ. ಒಬ್ಬ ಹುಡುಗಿ ಮುದ್ದಾದ ಅಕ್ಷರಗಳಲ್ಲಿ ಉತ್ತರಿಸಿದ್ದಳು. ಉಣುಗು ಕಡಿದರೆ ಹರಡುತ್ತದೆ; ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಬೇಕು, ಕೈಕಾಲಿಗೆ ಎಣ್ಣೆ ಹಚ್ಚಬೇಕು, ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಬೇಕು, ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಯವರಿಗೆ ತಿಳಿಸಬೇಕು. ಐದಕ್ಕೆ ಐದು ಅಂಕ ಕೊಟ್ಟೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಶಹಬ್ಬಾಸ್' ಎಂದೂ ಬರೆದೆ.

ಹತ್ತು ದಿನ ಕಳೆದಿರಬೇಕು. ಆ ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಿದಾಗ ತಾಯಿಗೆ ಜ್ವರ ಎಂದು ತಿಳಿಯಿತು. ಸಂಜೆ ಅವರ ಮನೆಗೆ ಹೋದೆ. ತಾಯಿ ಕಂಬಳಿ ಹೊದ್ದು ಮಲಗಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು. ತಲೆನೋವು, ಸೊಂಟನೋವು ಎಂದು ನರಳುತ್ತಿದ್ದರು. ಅಂಗಳದ ಮೂಲೆಯಲ್ಲಿ ದರಕು ತುಂಬಿದ ಹೆಡಿಗೆ ಇತ್ತು. ಮಲೆನಾಡಿನಲ್ಲಿ ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ ಎಂದು ಕಾಡಿನಿಂದ ಒಣಗಿದ ಎಲೆ ಗುಡಿಸಿ ತರುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಈ ತಾಯಿ ಕೂಲಿಗಾಗಿ ಅದನ್ನು ತರುತ್ತಿದ್ದರು.

ನನ್ನ ಎದೆ ಧಸಕ್ಕೆಂದಿತು. "ಕಾಡಿಗೆ ಯಾರು ಯಾರು ಹೋಗಿದ್ರಿ?" ಎಂದು ಕೇಳಿದೆ.

"ಅಮ್ಮಿ ಜೊತೆ ನಾನೂ ಹೋಗಿದ್ದೆ ಟೀಚರ್, ಭಾನುವಾರ" ಎಂದಳು ಹುಡುಗಿ. ಅವಳ ಕಾಲು ನೋಡಿದೆ. ಮೊಣಕಾಲಿನವರೆಗೆ ಮುಳ್ಳು ಗೀರಿದ ಗೆರೆಗಳು. ಕಾಲಿನಲ್ಲಿ ಚಪ್ಪಲಿ ಕೂಡ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಆಶಾ ಕಾರ್ಯಕರ್ತೆ ಮನೆಮನೆಗೆ ಕೊಟ್ಟುಹೋದ, ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಗೋಡೆಯ ಗೂಡಿನಲ್ಲಿ ಮುಚ್ಚಳ ಒಡೆಯದೆ ಕುಳಿತಿತ್ತು.

"ನೀನೇ ಪರೀಕ್ಷೆಯಲ್ಲಿ ಅಷ್ಟು ಚೆನ್ನಾಗಿ ಬರೆದಿದ್ದೀಯಲ್ಲಮ್ಮ, ಎಣ್ಣೆ ಹಚ್ಚಬೇಕು ಅಂತ?"

ಅವಳು ನನ್ನ ಮುಖವನ್ನೇ ನೋಡಿ, "ಅದು ಪರೀಕ್ಷೆಗಲ್ವಾ ಟೀಚರ್?" ಎಂದಳು.

ತಾಯಿ ಮಲಗಿದ್ದಲ್ಲಿಂದಲೇ ಮಾತು ಸೇರಿಸಿದರು. "ಇಸ್ಕೂಲಲ್ಲಿ ಇವಳು ಏನು ಬರೀತಾಳೆ ಅಂತ ನಂಗೇನು ಗೊತ್ತು ಆಪಾ? ಮಾರ್ಕ್ಸ್ ಕಾರ್ಡಿಗೆ ರುಜು ಹಾಕಿ ಅಂತ ಕಳಿಸ್ತೀರಿ. ಹಾಕಿ ಕಳಿಸ್ತೀನಿ."

ಅವರನ್ನು ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದೆವು. ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಯಿತು. ಫಲಿತಾಂಶ ಬರುವವರೆಗಿನ ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಅದು ಮಂಗನ ಕಾಯಿಲೆ ಆಗಿರಲಿಲ್ಲ. ಬೇರೆ ಜ್ವರ; ವಾರದಲ್ಲಿ ಇಳಿಯಿತು. ಆದರೆ ಆ ಐದಕ್ಕೆ ಐದು ಅಂಕ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ನಾನು ಕಲಿಸಿದ್ದೇನು? ಆ ಮಗು ಕಲಿತದ್ದೇನು? ನಾನು ಅಂಕ ಕೊಟ್ಟದ್ದು ಯಾವುದಕ್ಕೆ?

ಕ್ಯಾಸನೂರಿನ ಹೆಸರು ಲೋಕದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. ಸೊರಬ ತಾಲ್ಲೂಕಿನ ಈ ಸಣ್ಣ ಊರನ್ನು ನಕ್ಷೆಯಲ್ಲಿ ತೋರಿಸಲಾಗದ ವೈದ್ಯರೂ 'ಕ್ಯಾಸನೂರು ಕಾಡಿನ ಕಾಯಿಲೆ' ಎಂಬ ಹೆಸರನ್ನು ಓದಿರುತ್ತಾರೆ. 1957ರಲ್ಲಿ ಈ ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬರುವ ಜನರಿಗೂ ವಿಪರೀತ ಜ್ವರ. ಮೊದಲು ವಿಷಮಶೀತ ಜ್ವರವಿರಬಹುದೆಂದು ಎಣಿಸಿದರು. ಮಂಗಗಳು ಸಾಯುತ್ತಿರುವುದನ್ನು ಕೇಳಿದಾಗ, ಏಷ್ಯಾ ಖಂಡದಲ್ಲೇ ಇಲ್ಲದ ಹಳದಿ ಜ್ವರ ಬಂದುಬಿಟ್ಟಿತೇ ಎಂಬ ಭಯವೂ ಹುಟ್ಟಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಉಣುಗಿನಿಂದ ಹರಡುವ ಹೊಸದೊಂದು ವೈರಾಣು ಎಂದು ಕಂಡುಹಿಡಿದರು. ಇಂದು ಅದು ನಮ್ಮ ರಾಜ್ಯದ ಹಲವು ಜಿಲ್ಲೆಗಳನ್ನೂ ದಾಟಿ ಕೇರಳ, ಗೋವಾ, ಮಹಾರಾಷ್ಟ್ರದ ಕಾಡಂಚಿನ ಊರುಗಳನ್ನು ಮುಟ್ಟಿದೆ. 2019ರ ಆರಂಭದಲ್ಲಿ ನೆರೆಯ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಹಾವಳಿಯನ್ನು ನಾವು ಮರೆತಿಲ್ಲ. ಈ ಕಾಯಿಲೆಯ ವೈರಾಣುವನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. ಉಣುಗು ಮೈಗೆ ಹತ್ತದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆ.

ಇದನ್ನು ಯಾಕೆ ಹೇಳಿದೆನೆಂದರೆ, ಇಲ್ಲಿ ಒಬ್ಬರ ಜ್ಞಾನದಿಂದ ಏನೂ ಆಗುವುದಿಲ್ಲ. ಸತ್ತ ಮಂಗವನ್ನು ಮೊದಲು ಕಾಣುವವನು ದನ ಮೇಯಿಸುವ ಹುಡುಗ. ಅವನು ಮನೆಯಲ್ಲಿ ಹೇಳಬೇಕು. ಮನೆಯವರು ಆಸ್ಪತ್ರೆಗೆ ತಿಳಿಸಬೇಕು. ಇಲಾಖೆಯವರು ಬರಬೇಕು. ಸರಪಳಿಯ ಒಂದು ಕೊಂಡಿ ತಪ್ಪಿದರೆ ಉಳಿದವರಿಗೆ ಎಷ್ಟು ಗೊತ್ತಿದ್ದರೂ ವ್ಯರ್ಥ. ನನ್ನ ಹುಡುಗಿಯ ಮನೆಯಲ್ಲಿ ಆದದ್ದೂ ಅದೇ. ಮಗುವಿಗೆ ಉತ್ತರ ಗೊತ್ತಿತ್ತು. ಮನೆಯಲ್ಲಿ ಎಣ್ಣೆ ಇತ್ತು. ಇವೆರಡನ್ನೂ ಸೇರಿಸುವವರು ಯಾರೂ ಇರಲಿಲ್ಲ.

ಈಗ ಶಿಕ್ಷಣ ಇಲಾಖೆಯ ತರಬೇತಿಗಳಲ್ಲಿ 'ಸಾಮರ್ಥ್ಯ ಆಧಾರಿತ ಕಲಿಕೆ' ಎಂಬ ಮಾತು ಬಹಳ ಕೇಳಿಬರುತ್ತಿದೆ. ಮಾತು ಹೊಸದೇನಲ್ಲ. 1990ರ ದಶಕದಲ್ಲಿ 'ಕನಿಷ್ಠ ಕಲಿಕಾ ಮಟ್ಟ' ಎಂದು ಬಂತು. ಆಮೇಲೆ 'ಕಲಿಕಾ ಫಲ' ಎಂದಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಒತ್ತಿ ಹೇಳಿತು. ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ 2026-27ರ ಹೊತ್ತಿಗೆ ಅರ್ಥ ಮಾಡಿಕೊಂಡು ಓದಲು, ಸರಳ ಲೆಕ್ಕ ಮಾಡಲು ಬರಬೇಕು ಎಂಬ ಗುರಿಯೊಂದಿಗೆ 2021ರಲ್ಲಿ 'ನಿಪುಣ್ ಭಾರತ್' ಆರಂಭವಾಯಿತು. ಕೊರೋನಾದಿಂದ ಶಾಲೆ ಮುಚ್ಚಿ ಹಿಂದೆ ಬಿದ್ದ ಮಕ್ಕಳಿಗಾಗಿ ನಮ್ಮ ರಾಜ್ಯದಲ್ಲಿ 2022-23ರಲ್ಲಿ 'ಕಲಿಕಾ ಚೇತರಿಕೆ' ನಡೆಯಿತು. ಹೆಸರು ಯಾವುದೇ ಇರಲಿ, ಸಾರ ಒಂದೇ: ಪಾಠ ಎಷ್ಟು ಮುಗಿಯಿತು ಎಂದು ಕೇಳಬೇಡಿ, ಮಗುವಿಗೆ ಏನು ಮಾಡಲು ಬಂತು ಎಂದು ಕೇಳಿ.

ತರಬೇತಿಯಲ್ಲಿ ಇದನ್ನು ಕೇಳುವಾಗ ನನಗೆ ನೆನಪಾದದ್ದು ಯಾವ ಶಿಕ್ಷಣ ತಜ್ಞರೂ ಅಲ್ಲ, ನನ್ನ ಅಮ್ಮಿ.

ನನ್ನ ತಮ್ಮ ಹಿಫ್ಝ್ ಮಾಡುತ್ತಿದ್ದ ಕಾಲ. ಅಮ್ಮಿಗೆ ಕನ್ನಡವಾಗಲಿ ಉರ್ದುವಾಗಲಿ ಬರೆಯಲು ಬಾರದು. ಆದರೆ ತಮ್ಮ ಮನೆಗೆ ಬಂದ ಕೂಡಲೇ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ. "ಇವತ್ತಿನ ಸಬಕ್ ಎಷ್ಟು? ನಿನ್ನೆಯದು ಪಕ್ಕಾ ಆಯ್ತಾ?" ಹಾಫಿಝ್ ಸಾಹೇಬರ ಮುಂದೆ ಹೊಸ ಸಬಕ್ ಒಪ್ಪಿಸಬೇಕು. ಹಿಂದಿನ ಕೆಲವು ದಿನಗಳದ್ದನ್ನು ಪ್ರತ್ಯೇಕ ಒಪ್ಪಿಸಬೇಕು. ಹಳೆಯ ಪಾರಾಗಳನ್ನು ಸರದಿಯ ಪ್ರಕಾರ ಮತ್ತೆ ಮತ್ತೆ ಓದಿ ಒಪ್ಪಿಸಬೇಕು. ನಿನ್ನೆಯದು ಪಕ್ಕಾ ಆಗದಿದ್ದರೆ ಇಂದು ಹೊಸದು ಇಲ್ಲ. ಒಬ್ಬ ಹುಡುಗ ಮೂರು ವರ್ಷಕ್ಕೆ ಮುಗಿಸಿದರೆ ಇನ್ನೊಬ್ಬನಿಗೆ ಐದು ವರ್ಷ. ಅದಕ್ಕಾಗಿ ಯಾರೂ ಅವನನ್ನು 'ಫೇಲ್' ಎನ್ನುತ್ತಿರಲಿಲ್ಲ. ನೂರು ಆಯತ್‌ಗಳಲ್ಲಿ ಮೂವತ್ತೈದು ಸರಿಯಾಗಿ ಹೇಳಿದರೆ ಪಾಸು ಎಂದು ಯಾವ ಹಾಫಿಝ್ ಸಾಹೇಬರಾದರೂ ಒಪ್ಪುವರೇ? ಶಾಲೆಯಲ್ಲಿ ಮಾತ್ರ ನಾವು ಅದನ್ನು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ. ಉಳಿದ ಅರವತ್ತೈದು ಏನಾಯಿತು ಎಂದು ಮನೆಯವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಅಲ್ಲಿ ಉಸ್ತಾದರಿಗೆ, ಹುಡುಗನಿಗೆ, ಅಕ್ಷರ ಬಾರದ ತಾಯಿಗೆ, ನೆರೆಮನೆಯ ಖಾಲಾಗೆ, ಕೊನೆಗೆ ಮೊಹಲ್ಲಾದ ಕಿರಾಣಿ ಅಂಗಡಿಯವರಿಗೂ ಗುರಿ ಒಂದೇ ಎಂದು ಗೊತ್ತಿತ್ತು. ಮೂವತ್ತು ಪಾರಾ. ಎಷ್ಟನೆಯ ಪಾರಾದಲ್ಲಿದ್ದಾನೆ ಎಂದು ಕೇಳಿದರೆ ಸಾಕು, ದಾರಿ ಎಷ್ಟು ಉಳಿದಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಜಮಾಅತ್‌ನಲ್ಲಿ ಸಫ್ ಕಟ್ಟಿದಾಗ ಸೇಠ್ ಮತ್ತು ಹಮಾಲಿ ಒಂದೇ ಕಿಬ್ಲಾದ ಕಡೆ ಮುಖ ಮಾಡುತ್ತಾರಲ್ಲ, ಹಾಗೆ. ನಮ್ಮ ಶಾಲೆಗಳಲ್ಲಿ ಸಫ್ ಇದೆ, ಸಮವಸ್ತ್ರ ಇದೆ, ಗಂಟೆ ಇದೆ. ಆದರೆ ಶಿಕ್ಷಕರ ಮುಖ ಸಿಲೆಬಸ್ ಕಡೆಗೆ, ಆಡಳಿತದವರ ಮುಖ ಫಲಿತಾಂಶದ ಕಡೆಗೆ, ತಂದೆತಾಯಿಗಳ ಮುಖ ಪಕ್ಕದ ಮನೆಯ ಮಗುವಿನ ಅಂಕಗಳ ಕಡೆಗೆ. ಮಗುವಿನ ಮುಖ ಕಿಟಕಿಯ ಕಡೆಗೆ.

ಆದರೆ ಮದ್ರಸವನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ನಾನು ಪೂರ್ತಿ ಸತ್ಯ ಹೇಳಿದಂತಾಗುವುದಿಲ್ಲ. ನಾನು ಆಲಿಮಾ ಕೋರ್ಸಿಗೆ ಸೇರುವವರೆಗೆ, ಬಾಲ್ಯದಿಂದ ಓದುತ್ತಿದ್ದ ಸೂರಾಗಳ ಅರ್ಥ ನನಗೆ ಯಾರೂ ಹೇಳಿರಲಿಲ್ಲ. ನನ್ನ ತಮ್ಮನ ಜೊತೆ ಸೇರಿದ್ದ ಕೆಲವು ಹುಡುಗರು ಹೊಡೆತಕ್ಕೆ ಹೆದರಿ ಅರ್ಧದಲ್ಲೇ ಓಡಿಹೋದರು. ಹದಿನಾಲ್ಕನೆಯ ಶತಮಾನದಲ್ಲೇ ಇಬ್ನ್ ಖಲ್ದೂನ್, ಮಕ್ಕಳನ್ನು ಕಠೋರವಾಗಿ ದಂಡಿಸುವುದು ಅವರನ್ನು ಸುಳ್ಳಿಗೂ ಕಪಟಕ್ಕೂ ದೂಡುತ್ತದೆಂದು ಎಚ್ಚರಿಸಿದ್ದರು. ಆದ್ದರಿಂದ ಎಲ್ಲರ ಗುರಿ ಒಂದಾದರೆ ಸಾಲದು, ಆ ಗುರಿ ಪೂರ್ಣವಾಗಿರಬೇಕು. ಅದರಲ್ಲಿ ಅರ್ಥವೂ ಇರಬೇಕು, ಕರುಣೆಯೂ ಇರಬೇಕು.

ನನ್ನ ಬಿ.ಎ. ಪದವಿಯ ಕಥೆಯೂ ಬೇರೆಯಲ್ಲ. ಮದುವೆಯಾದ ಮೇಲೆ ಖಾಸಗಿಯಾಗಿ ಕಟ್ಟಿ, ಗೈಡ್ ಬಾಯಿಪಾಠ ಮಾಡಿ ಪಾಸಾದೆ. ರಾಜ್ಯಶಾಸ್ತ್ರದಲ್ಲಿ ಗ್ರಾಮಸಭೆಯ ಮಹತ್ವದ ಬಗ್ಗೆ ಎರಡು ಪುಟ ಬರೆದಿದ್ದೆ. ಆದರೆ ಅದೇ ವರ್ಷ ನಮ್ಮೂರಿನಲ್ಲಿ ಗ್ರಾಮಸಭೆ ಯಾವಾಗ ನಡೆಯಿತೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ವಿದ್ಯಾರ್ಥಿನಿ ನನ್ನನ್ನೇ ಹೋಲುತ್ತಿದ್ದಳು.

ನಮ್ಮ ದೀನಿನ ಮೂಲದಲ್ಲಿ ಹೀಗಿರಲಿಲ್ಲ. ಸಹಾಬಿಗಳು ಪ್ರವಾದಿ(ಸ)ರಿಂದ ಹತ್ತು ಆಯತ್‌ಗಳನ್ನು ಕಲಿತರೆ, ಅವುಗಳ ಅರ್ಥವನ್ನೂ ಆಚರಣೆಯನ್ನೂ ಕಲಿಯದೆ ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲ ಎಂದು ವರದಿಗಳಲ್ಲಿದೆ. ತಿಳಿಯುವುದು ಮತ್ತು ಮಾಡುವುದು ಅವರಿಗೆ ಎರಡು ಬೇರೆ ಪಾಠಗಳಾಗಿರಲಿಲ್ಲ. ಬದ್ರ್ ಯುದ್ಧದಲ್ಲಿ ಸೆರೆ ಸಿಕ್ಕವರ ಪೈಕಿ ಹಣವಿಲ್ಲದ, ಆದರೆ ಓದುಬರಹ ಬಲ್ಲವರಿಗೆ ಪ್ರವಾದಿವರ್ಯರು(ಸ) ವಿಧಿಸಿದ ಷರತ್ತನ್ನೂ ನಾವು ಬಲ್ಲೆವು. ಮದೀನಾದ ಹತ್ತು ಮಕ್ಕಳಿಗೆ ಬರೆಯಲು ಕಲಿಸಿದರೆ ಬಿಡುಗಡೆ. ಇಷ್ಟು ತಿಂಗಳು ಪಾಠ ಹೇಳಬೇಕೆಂಬುದು ಅಲ್ಲಿ ಅಳತೆಯಾಗಿರಲಿಲ್ಲ, ಮಕ್ಕಳು ಕಲಿತರೇ ಎಂಬುದು ಅಳತೆಯಾಗಿತ್ತು. ಕಲಿಸುವವನಿಗೆ, ಕಲಿಯುವ ಮಗುವಿಗೆ, ಕಾಯುವ ಊರಿಗೆ ಗುರಿ ಏನೆಂದು ಸ್ಪಷ್ಟವಾಗಿತ್ತು. ಕಲಿಸಿದವನು ಶತ್ರು ಪಾಳಯದವನು ಎಂಬುದೂ ಅದಕ್ಕೆ ಅಡ್ಡ ಬರಲಿಲ್ಲ.

ಗುರಿ ಚೆನ್ನಾಗಿದ್ದೂ ಅದನ್ನು ಮನೆಯವರಿಗೆ ತಿಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಪದ್ಧತಿ ನೋಡಿ ಬಂದರು. ಯುನಿಸೆಫ್ ನೆರವಿತ್ತು. ನಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನು, ಹಾಡುಗಳನ್ನು, ಆಟಗಳನ್ನು ಶಿಕ್ಷಕರೇ ಕುಳಿತು ಸಿದ್ಧಪಡಿಸಿದರು. ಅದೇ 'ನಲಿಕಲಿ'. ಗೋಡೆಯ ಮೇಲೆ ಕಲಿಕಾ ಏಣಿ. ಮಗು ಒಂದು ಮೈಲಿಗಲ್ಲು ದಾಟಿದ ಮೇಲೆ ಇನ್ನೊಂದು. ತನ್ನ ವೇಗದಲ್ಲಿ ಹತ್ತಬಹುದು. ಎರಡು ದಿನ ಬಾರದಿದ್ದರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಹಿಫ್ಝ್ ತರಗತಿಯನ್ನು ಬಲ್ಲವರಿಗೆ ಇದು ಅಪರಿಚಿತವೇ ಅಲ್ಲ. 2009-10ರಿಂದ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು.

ಅಲ್ಲಿ ಅಕ್ಷರಗಳನ್ನು ಅ ಆ ಇ ಈ ಎಂಬ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭ. ಬರೆಯಲು ಸುಲಭವಾದ ಈ ಐದು ಅಕ್ಷರ ಕಲಿತ ಕೂಡಲೇ ಮಗು ಸರ, ದರ, ಅರಸ, ಅಗಸ ಎಂದು ಓದಬಲ್ಲದು. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ಎಂಥ ಒಳ್ಳೆಯ ಯೋಚನೆ! ಆದರೆ ನನ್ನ ದೊಡ್ಡಕ್ಕ ತನ್ನ ಮಗನನ್ನು ಒಂದೇ ವರ್ಷಕ್ಕೆ ಅಂಥದೊಂದು ಶಾಲೆಯಿಂದ ಬಿಡಿಸಿದಳು. "ಒಂದು ವರ್ಷ ಆಯ್ತು, ಇವನಿಗೆ ಅ ಆ ಇ ಈ ಬರಲ್ಲ. ನೆಲದ ಮೇಲೆ ಕೂರಿಸಿ ಆಟ ಆಡಿಸ್ತಾರೆ. ಪುಸ್ತಕವೇ ಇಲ್ಲ" ಎಂಬುದು ಅವಳ ದೂರು. ಸಾಲ ಮಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಳು. ಅಲ್ಲಿ ಆ ಹುಡುಗ ಮೂರು ವರ್ಷ ಎ ಬಿ ಸಿ ಡಿ ತಪ್ಪಿಲ್ಲದೆ ಹೇಳಿದ. ಒಂದು ವಾಕ್ಯ ಓದಲು ಕಲಿಯಲಿಲ್ಲ. ತಪ್ಪು ಅಕ್ಕನದೇ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಗೋಡೆಯ ಮೇಲಿನ ಏಣಿಯನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. ಅವಳು ತನಗೆ ಗೊತ್ತಿದ್ದ ಅಳತೆಗೋಲಿನಿಂದ ಅಳೆದಳು.

ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲವೆಂದಲ್ಲ. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಪಾಲಕರನ್ನೇ ಒಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಮಕ್ಕಳ ಕಲಿಕೆಯನ್ನು ಊರವರ ಮುಂದಿಡಬೇಕೆಂದೇ 'ಸಮುದಾಯದತ್ತ ಶಾಲೆ' ಎಂಬ ಕಾರ್ಯಕ್ರಮವನ್ನೂ ರೂಪಿಸಿದ್ದರು. ಆದರೆ ಸಭೆ ಸರ್ಕಾರಿ ಶಾಲೆಯದಿರಲಿ, ನಮ್ಮಂಥ ಖಾಸಗಿ ಶಾಲೆಯದಿರಲಿ, ಮಾತು ಕಾಂಪೌಂಡು, ಸುಣ್ಣಬಣ್ಣ, ಫೀಸು, ಸಮವಸ್ತ್ರಗಳಲ್ಲೇ ಮುಗಿದುಹೋಗುತ್ತದೆ. ನನ್ನ ಮಗುವಿಗೆ ಈ ವರ್ಷ ಏನು ಬರಬೇಕು ಎಂದು ಕೇಳುವ ತಾಯಿಯನ್ನು ನಾನು ಹದಿನೈದು ವರ್ಷಗಳಲ್ಲಿ ಕಂಡದ್ದು ಬಹಳ ಅಪರೂಪ. ಕೇಳುವಂತೆ ನಾವು ಮಾಡಿರಲೂ ಇಲ್ಲ.

ಆ ಜ್ವರದ ಘಟನೆಯ ನಂತರ ನಾನೇ ಕೇಳುವುದೆಂದು ನಿರ್ಧರಿಸಿದೆ. ಒಂದು ಭಾನುವಾರ ಅಸ್ರ್ ನಮಾಝಿನ ನಂತರ ನನ್ನ ತರಗತಿಯ ತಾಯಂದಿರನ್ನು ಕರೆದೆ. ನಮ್ಮ ಶಾಲೆಯಲ್ಲಿ ಎಲ್ಲ ಜಾತಿ ಧರ್ಮಗಳ ಮಕ್ಕಳಿದ್ದಾರೆ. ಹದಿನೆಂಟು ಮಂದಿ ಬಂದರು. ಅಂಕಪಟ್ಟಿ ತೆಗೆಯಲಿಲ್ಲ. "ಈ ವರ್ಷ ಮುಗಿಯುವಾಗ ನಿಮ್ಮ ಮಗುವಿಗೆ ಏನು ಮಾಡಲು ಬರಬೇಕು? ನೀವೇ ಹೇಳಿ" ಎಂದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. "ನೀವು ಟೀಚರು, ನಿಮಗೇ ಗೊತ್ತಲ್ವಾ" ಎಂದರು. ಕೊನೆಗೆ ಒಬ್ಬರು ಶುರು ಮಾಡಿದರು.

"ಅಡಿಕೆ ಸುಲಿಯೋಕೆ ಹೋಗ್ತೀನಿ. ಕೇಜಿ ಲೆಕ್ಕದಲ್ಲಿ ಕೂಲಿ. ಅವರು ಕೊಟ್ಟಷ್ಟು ತಗೊಂಡು ಬರ್ತೀನಿ. ನನ್ನ ಮಗ ಆ ಲೆಕ್ಕ ಹಾಕ್ಬೇಕು."

"ಮಾತ್ರೆ ಚೀಟಿ ಮೇಲೆ ತಾರೀಕು ಇರುತ್ತಂತಲ್ಲ, ಅದನ್ನ ನೋಡಿ ಹೇಳ್ಬೇಕು."

"ಸೊಸೈಟಿಯಿಂದ ಕಾಗದ ಬಂದ್ರೆ ಓದಿ, ಏನು ಬರೆದಿದ್ದಾರೆ ಅಂತ ನಂಗೆ ತಿಳಿಯೋ ಹಾಗೆ ಹೇಳ್ಬೇಕು. ಬರೀ ಓದಿದ್ರೆ ಸಾಲದು."

ಮೊಮ್ಮಗಳ ಜೊತೆ ಬಂದಿದ್ದ ದಾದಿಯೊಬ್ಬರು, "ಕುರ್‌ಆನ್ ಓದ್ತಾಳೆ, ಮಾಷಾಅಲ್ಲಾಹ್. ನಾನು ಸಾಯೋದ್ರೊಳಗೆ ನಂಗೆ ಒಂದಿಷ್ಟು ಅರ್ಥಾನೂ ಹೇಳ್ಲಿ" ಎಂದರು. ನಾನು ತಲೆ ತಗ್ಗಿಸಿದೆ.

ಕೊನೆಯಲ್ಲಿ, ಜ್ವರ ಬಂದು ಎದ್ದಿದ್ದ ಆ ತಾಯಿ ಹೇಳಿದರು: "ಕಾಡಿಗೆ ಹೋಗೋ ಮುಂಚೆ ನಂಗೆ ಎಣ್ಣೆ ಹಚ್ಚು ಅಂತ ನೆನಪು ಮಾಡ್ಲಿ."

ಮನೆಗೆ ಬಂದು ಇಲಾಖೆಯ ಕಲಿಕಾ ಫಲಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದೆ. ಗ್ರಂಥದ ಭಾಷೆಯಲ್ಲಿ ಅಲ್ಲಿ ಬರೆದಿದ್ದುದರಲ್ಲಿ ಹೆಚ್ಚಿನದನ್ನು ಈ ತಾಯಂದಿರು ತಮ್ಮ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಓದಿ ಅರ್ಥೈಸಿಕೊಳ್ಳುವುದು, ಗುಣಾಕಾರವನ್ನು ದಿನಬಳಕೆಗೆ ತರುವುದು, ಸುತ್ತಲಿನ ಪರಿಸರದ ಅಪಾಯವನ್ನು ಗುರುತಿಸುವುದು. ಅಕ್ಷರ ಬಾರದವರಿಗೆ ಶಿಕ್ಷಣದ ಗುರಿ ಏನು ಗೊತ್ತು ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅಸ್ತಗ್‌ಫಿರುಲ್ಲಾಹ್. ಅವರಿಗೆ ಗೊತ್ತಿತ್ತು. ನಾವು ಕೇಳಿರಲಿಲ್ಲ, ಅಷ್ಟೆ.

ಹನ್ನೆರಡು ಅಂಶಗಳ ಒಂದು ಹಾಳೆ ಮಾಡಿದೆ. ಒಂದು ಪ್ರತಿ ತರಗತಿಯ ಗೋಡೆಗೆ, ಒಂದೊಂದು ಪ್ರತಿ ಪ್ರತಿ ಮನೆಗೆ. ಮಗು ಆ ಕೆಲಸವನ್ನು ಮನೆಯಲ್ಲಿ ಮಾಡಿ ತೋರಿಸಿದರೆ ತಾಯಿಯೋ ತಂದೆಯೋ ಅದರ ಮುಂದೆ ಒಂದು ಗೆರೆ ಎಳೆಯಬೇಕು. ರುಜು ಬೇಡ. ಬರೆಯಲು ಬಾರದವರೂ ಗೆರೆ ಎಳೆಯಬಲ್ಲರು. ಒಂದು ಸಲ ಮಾಡಿದರೆ ಒಂದು ಗೆರೆ. ಮೂರು ಗೆರೆಯಾದರೆ ನಾನು ತರಗತಿಯಲ್ಲಿ ಪರೀಕ್ಷಿಸಿ ಮುಂದಿನದಕ್ಕೆ ಕಳಿಸುತ್ತೇನೆ ಎಂದೆ.

ಇದೆಲ್ಲ ಸಲೀಸಾಗಿ ನಡೆಯಿತೆಂದು ಓದುಗರು ಭಾವಿಸಬಾರದು. ಆಡಳಿತ ಸಮಿತಿಯ ಹಿರಿಯರೊಬ್ಬರು, "ಟೀಚರ್, ಜನ ನಮ್ಮ ಶಾಲೆಗೆ ಮಕ್ಕಳನ್ನ ಹಾಕೋದು ಫಲಿತಾಂಶ ನೋಡಿ. ಮಾತ್ರೆ ಪೊಟ್ಟಣ ಓದೋದನ್ನ ಯಾರು ಕೇಳ್ತಾರೆ?" ಎಂದರು. ಸಹೋದ್ಯೋಗಿಯೊಬ್ಬರು, "ಈಗಾಗ್ಲೇ ಎಷ್ಟು ದಾಖಲೆ ಬರೀತಿದೀವಿ, ಇದೊಂದು ಬೇರೆ" ಎಂದು ಬೇಸರಪಟ್ಟರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಿರಂತರ ಮೌಲ್ಯಮಾಪನದ ಹೆಸರಿನಲ್ಲಿ ಕಡತಗಳನ್ನು ತುಂಬಿ ತುಂಬಿ ಮಕ್ಕಳ ಮುಖ ನೋಡಲು ಸಮಯವಿಲ್ಲದ ಶಿಕ್ಷಕರನ್ನು ನಾನೂ ಬಲ್ಲೆ. ಆದ್ದರಿಂದ ಈ ಹಾಳೆಯನ್ನು ನಾನು ಕಡತಕ್ಕೆ ಸೇರಿಸಲಿಲ್ಲ. ಅದು ಮನೆಯ ಗೋಡೆಯಲ್ಲೇ ಇರಲಿ ಎಂದೆ.

ಎರಡು ತಿಂಗಳಾಗುವಷ್ಟರಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಗೆರೆ ಎಳೆಯುವುದು ನಿಂತುಹೋಯಿತು. ಒಂದು ಮನೆಯಲ್ಲಿ ಹಾಳೆ ಒಲೆ ಹಚ್ಚಲು ಹೋಯಿತು. ಒಬ್ಬ ತಂದೆ ಒಂದೇ ದಿನ ಹನ್ನೆರಡಕ್ಕೂ ಮೂರು ಮೂರು ಗೆರೆ ಎಳೆದು ಕಳಿಸಿದರು! ಆದರೆ ಉಳಿದ ಮನೆಗಳಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಅಂಕಗಳಲ್ಲಿ ಯಾವಾಗಲೂ ಹಿಂದಿದ್ದ ಒಬ್ಬ ಹುಡುಗ ಅಡಿಕೆ ಕೂಲಿಯ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ. ಕಾಗದದ ಮೇಲೆ ಗುಣಿಸಲು ತಡವರಿಸುತ್ತಿದ್ದವನು, ಇಪ್ಪತ್ತಮೂರು ಕೇಜಿಯ ಕೂಲಿಯನ್ನು ಬೆರಳು ಮಡಿಸದೆ ಹೇಳುತ್ತಿದ್ದ. ಅವನ ತಾಯಿ ಅದನ್ನು ಹೇಳುವವರೆಗೆ ನನ್ನ ದಾಖಲೆಯಲ್ಲಿ ಅವನು 'ಗಣಿತದಲ್ಲಿ ದುರ್ಬಲ'. ಅವನು ಬಾಯಲ್ಲಿ ಹೇಳಿದ ಲೆಕ್ಕದಿಂದಲೇ ಹಿಡಿದು, ಅದನ್ನು ಬರೆಯುವುದು ಹೇಗೆಂದು ಕಲಿಸಿದೆ. ಶಾಲೆ ಮನೆಗೆ ತಿಳಿಸುವುದು ಮಾತ್ರವಲ್ಲ, ಮನೆಯೂ ಶಾಲೆಗೆ ತಿಳಿಸಬೇಕಾದದ್ದು ಇದೆ ಎಂದು ನನಗೆ ಅಂದು ಅರಿವಾಯಿತು.

ಆ ದಾದಿ ಮಾತ್ರ ಒಂದು ದಿನವೂ ಬಿಡಲಿಲ್ಲ. ಮೊಮ್ಮಗಳು ಮಗ್ರಿಬ್ ನಂತರ ಒಂದು ಚಿಕ್ಕ ಸೂರಾ ಓದಿ, ಕನ್ನಡ ಅನುವಾದ ನೋಡಿ, ತನಗೆ ತಿಳಿದ ಮಾತಿನಲ್ಲಿ ದಾದಿಗೆ ಅರ್ಥ ಹೇಳುತ್ತಿದ್ದಳು. ಗೊತ್ತಾಗದ್ದನ್ನು ಮರುದಿನ ನನ್ನಲ್ಲಿ ಕೇಳುತ್ತಿದ್ದಳು. ಕೆಲವಕ್ಕೆ ನಾನೂ ಮನೆಗೆ ಹೋಗಿ ತಫ್ಸೀರ್ ತೆರೆದು ನೋಡಬೇಕಾಯಿತು.

ಈ ವರ್ಷದ ಜನವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆ ಹುಡುಗಿಯ ಮನೆಯ ಮುಂದೆ ಹಾದುಹೋಗುತ್ತಿದ್ದೆ. ತಾಯಿ ಕಾಡಿಗೆ ಹೊರಟಿದ್ದರು. ಮೈಮೇಲೆ ಗಂಡನ ಉದ್ದ ತೋಳಿನ ಅಂಗಿ, ಕಾಲಿಗೆ ಹಳೆಯ ಸಾಕ್ಸು, ಶೂಸು. ಹುಡುಗಿ ಹೊಸ್ತಿಲಲ್ಲಿ ಎಣ್ಣೆ ಬಾಟಲಿ ಹಿಡಿದು ನಿಂತಿದ್ದಳು.

"ನೋಡಿ ಆಪಾ, ಹಚ್ಚದೆ ಬಿಡಲ್ಲ ಇವಳು. ಜಿಗುಟು ಜಿಗುಟು, ಮೇಲಿಂದ ವಾಸನೆ ಬೇರೆ" ಎಂದು ತಾ​ಯಿ ಗೊಣಗಿದರು.

"ಕತ್ತಿಗೆ ಹಚ್ಚಿಲ್ಲ ಅಮ್ಮಿ" ಎಂದಳು ಮಗಳು.

ಆಕೆ ಈಗ ಆರನೆಯ ತರಗತಿ. ನನ್ನ ತರಗತಿಯಲ್ಲಿಲ್ಲ. ನಾಲ್ಕನೆಯ ತರಗತಿಯ ಹೊಸ ಮಕ್ಕಳಿಗೆ ಆ ಪ್ರಶ್ನೆಯನ್ನು ನಾನು ಈಗಲೂ ಕೇಳುತ್ತೇನೆ, ಆದರೆ ಪತ್ರಿಕೆಯಲ್ಲಿ ಅಲ್ಲ. ಡಿಸೆಂಬರ್ ಬಂದ ಕೂಡಲೇ ಮನೆಯಲ್ಲಿ ಯಾರು ಯಾರು ಕಾಡಿಗೆ ಹೋಗುತ್ತಾರೆ, ಅವರಿಗೆ ಎಣ್ಣೆ ಹಚ್ಚಿದಿರಾ, ಬಂದ ಮೇಲೆ ಅವರ ಬಟ್ಟೆ ಬಿಸಿನೀರಿಗೆ ಹಾಕಿದಿರಾ ಎಂದು ಕೇಳುತ್ತೇನೆ. ಅದಕ್ಕೆ ಅಂಕವಿಲ್ಲ.

ಓದುಗ ಸಹೋದರ ಸಹೋದರಿಯರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಪಾಲಕರ ಸಭೆಗೆ ತಪ್ಪದೆ ಹೋಗಿ. ಎಷ್ಟನೆಯ ರ‍್ಯಾಂಕ್ ಎಂದು ಕೇಳುವ ಬದಲು, ನನ್ನ ಮಗುವಿಗೆ ಈ ವರ್ಷ ಏನೇನು ಬರಬೇಕು, ಈಗ ಎಲ್ಲಿಯವರೆಗೆ ಬಂದಿದೆ, ಮನೆಯಲ್ಲಿ ನಾನು ಏನು ಮಾಡಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಶಾಲೆಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕೋಪಿಸಿಕೊಳ್ಳಬೇಡಿ, ಜೊತೆಯಲ್ಲಿ ಕುಳಿತು ಹುಡುಕಿ. ಮದ್ರಸದಲ್ಲೂ ಇದನ್ನೇ ಕೇಳಿ. ಶಿಕ್ಷಕ ಮಿತ್ರರು ತಾಯಂದಿರನ್ನು ಕರೆದಾಗ ಮೊದಲು ನೀವು ಮಾತಾಡಬೇಡಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ.

ನಾವು ಕಲಿತದ್ದನ್ನು ನಮಗೂ ನಮ್ಮ ನೆರೆಹೊರೆಯವರಿಗೂ ಪ್ರಯೋಜನಕಾರಿಯಾದ ಇಲ್ಮ್ ಆಗಿ ಮಾಡಲು ಅಲ್ಲಾಹನು ತೌಫೀಕ್ ನೀಡಲಿ. ನಮ್ಮ ಮಲೆನಾಡಿನ ಕಾಡಿಗೆ ಹೋದ ತಾಯಂದಿರೆಲ್ಲ ಸಂಜೆ ಸುರಕ್ಷಿತವಾಗಿ ಮನೆಗೆ ಮರಳಲಿ. ಆಮೀನ್.